ತಕ್ಕಡಿಯ ಹಿಂದಿನಿಂದ

ದಾವಣಗೆರೆ ಮಂಡಿಪೇಟೆಯ ಈ ಅಂಗಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಸಿಹಿ ತೂಗುತ್ತಿದ್ದೇನೆ.
ಜಾತಕ ಓದಲು ಬಾರದು, ಕೈರೇಖೆ ತಿಳಿಯದು.
ಗಾಜಿನ ಮೇಲೆ ಬೆರಳು ಎಲ್ಲಿ ನಿಲ್ಲುತ್ತದೆ,
ಅಷ್ಟು ಸಾಕು ನನಗೆ.

ಜಿಲೇಬಿಯವರ ಮಾತು ಎಲ್ಲಿ ಮುಗಿಯುತ್ತದೋ
ಅವರಿಗೇ ಗೊತ್ತಿರುವುದಿಲ್ಲ.
ವಕೀಲ ಕೊಟ್ರಬಸಪ್ಪನವರು ಕಾಲು ಕೇಜಿ ಕೇಳಿ
ಮುಕ್ಕಾಲು ಗಂಟೆ ನಿಲ್ಲುತ್ತಾರೆ,
ಸುತ್ತಿ, ಮತ್ತೆ ಸುತ್ತಿ, ಪಾಕ ಸೋರಿಸುತ್ತ.

ಗಟ್ಟಿ ಮೈಸೂರು ಪಾಕೇ ಬೇಕೆನ್ನುವವರು ಹಳೇ ಮಿಲ್ಲಿನವರು.
ಸೈರನ್ನು ನಿಂತು ಎಷ್ಟೋ ಕಾಲವಾದರೂ
ಅದೇ ಹೊತ್ತಿಗೆ ಏಳುವ ಜನ.
ಮೆತ್ತನೆಯದು ತೋರಿಸಿದರೆ
‘ಹಲ್ಲಿಲ್ದೋರಿಗೆ ಕೊಡಪ್ಪ’ ಅನ್ನುತ್ತಾರೆ
ಬೊಚ್ಚು ಬಾಯಲ್ಲಿ.

ಕಾಯಿ ಬರ್ಫಿಯವರು ಚಿಲ್ಲರೆ ಎಣಿಸಿ ತಂದಿರುತ್ತಾರೆ.

ಬಾದೂಷಾ: ಮೇಲೆ ಗತ್ತು, ಒಳಗೆ ಪದರ ಪದರ ಅಂಜಿಕೆ.
ಹೊಸದಾಗಿ ಬಂದ ಸಬ್ ಇನ್ಸ್‌ಪೆಕ್ಟರು. ನಾನು ಹೇಳಿದೆ ಅನ್ನಬೇಡಿ.

ಹೋದ ಶ್ರಾವಣ. ಹಾಲಮ್ಮಜ್ಜಿ ಸೆರಗು ಬಾಯಿಗಿಟ್ಟು ಬಗ್ಗಿದಳು:
‘ಯಣ್ಣಾ, ಆ ಗ್ಯಾರೇಜಿನ ಹುಡುಗ ಇಲ್ಲಿ ಏನ್ ತಿಂತಾನೆ?
ಮೊಮ್ಮಗಳಿಗೆ ನೋಡ್ತಿದೀವಿ.’
ನಾನು ತಕ್ಕಡಿ ನಿಲ್ಲಿಸಿ ಯೋಚಿಸಿದೆ.
‘ಲಾಡು, ಅಜ್ಜಿ. ಮೆಲ್ಲಗೆ ಒಡೆದು
ದ್ರಾಕ್ಷಿ ಎಲ್ಲ ಆರಿಸಿ ಕಾಗದದ ಅಂಚಿಗೆ ಇಡ್ತಾನೆ.
ಒಳ್ಳೇದನ್ನ ಕೊನೆಗೆ ಉಳಿಸಿಕೊಳ್ಳೋ ಹುಡುಗ.
ಕಣ್ಣು ಮುಚ್ಚಿ ಕೊಡು.’

ಕೊಟ್ಟರು.
ದೀಪಾವಳಿ ಮಾರನೇ ದಿನ ಆ ಮೊಮ್ಮಗಳೇ ಬಂದಳು, ನೀಲವೇಣಿ,
ಕೈತುಂಬ ಹಸಿರು ಬಳೆ.
‘ಅರ್ಧ ಕೇಜಿ ಲಾಡು. ದ್ರಾಕ್ಷಿ ಜಾಸ್ತಿ ಇರೋವು ನೋಡಿ ಹಾಕಿ.’
‘ಯಜಮಾನ್ರಿಗಾ?’
‘ಅಯ್ಯೋ, ಅವರಿಗೆ ದ್ರಾಕ್ಷಿ ಕಂಡ್ರಾಗಲ್ಲ,
ಆರಿಸಿ ಬಿಸಾಕ್ತಿದ್ರಂತೆ.
ಈಗ ನನ್ನ ತಟ್ಟೆಗೆ ಹಾಕ್ತಾರೆ.’

ಮುಳ್ಳು ಅಲ್ಲಾಡಿತು. ಎರಡು ಲಾಡು ಹೆಚ್ಚಿಗೆ ಹಾಕಿದೆ,
ತಪ್ಪುಕಾಣಿಕೆ.
ದುಡ್ಡು ಕೊಡುತ್ತ ಆ ಹುಡುಗಿ ಕೇಳಿಯೇಬಿಟ್ಟಳು:
‘ನಿಮಗೆ ಇದರಲ್ಲಿ ಯಾವುದು ಇಷ್ಟ?’

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬೆರಳು ಗಾಜಿನ ಉದ್ದಕ್ಕೂ ಹೋಯಿತು,
ಎಲ್ಲೂ ನಿಲ್ಲಲಿಲ್ಲ.

ರಾತ್ರಿ ಶಟರ್ ಎಳೆದು, ಕೈಯ ತುಪ್ಪ ತೊಳೆದು,
ಎದುರಿನ ಗಾಡಿಗೆ ಹೋಗುತ್ತೇನೆ:
ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ.
ಕಣ್ಣಲ್ಲಿ ನೀರು ಬರಬೇಕು, ಹಾಗಿರಬೇಕು.
ಗಾಡಿಯ ಹುಡುಗ ಈರುಳ್ಳಿ ಹೆಚ್ಚುತ್ತ
ನನ್ನನ್ನೇ ನೋಡುತ್ತಾನೆ.
ಅವನದೂ ಏನೋ ಒಂದು ಲೆಕ್ಕ ಇರಬೇಕು.