ಮನೆತನದ ಮೂಗು

ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ
ತ್ಸ್ವಿಕಾವ್ ಊರಿನ ಬೇಕರಿಯ ಹಿಂದಿನ ಅಂಗಳದಲ್ಲಿ
ನಾವು ಸೇರುತ್ತೇವೆ: ಏಳು ಜನ, ಏಳು ಕಾರು,
ಎರಡು ಫ್ಲಾಸ್ಕು, ಹಳೆಯದೊಂದು ಜಗಳ.

ಈ ಸಲ ಅದಕ್ಕೆ ಉಪ್ಪು ಖಾರ ತಂದವನು ಓಟ್‌ಫ್ರೀಡ್.
ಹೊಸ ಪುಟ್ಟ ಕಾರು, ಸೀಟಿನ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ,
ಬಣ್ಣ ನೆನೆದ ಸ್ಲೇಟಿನದು.
ಎದುರು ನಿಂತು ನೋಡಿದೆವು.
ಕಿರಿದು ಮಾಡಿದ ಕಣ್ಣು, ಬಿಗಿದ ತುಟಿ, ಅಗಲ ದವಡೆ.
ಎಲ್ಲೋ ನೋಡಿದ ಮುಖ.

"ಎಲ್ಲೋ ಏನು ಬಂತು," ಅಂದಳು ವೀಬ್ಕೆ,
"ಇದರ ಅಣ್ಣ ನಮ್ಮ ವಕೀಲರ ಮನೆ ಮುಂದೆ ನಿಂತಿರುತ್ತಾನೆ,
ದೊಡ್ಡಪ್ಪ ಹೆಣ ಸಾಗಿಸುವ ಕೆಲಸದಲ್ಲಿದ್ದಾನೆ.
ಅದೇ ಮೂಗನ್ನು ಒತ್ತಿ ಒತ್ತಿ ಗಿಡ್ಡ ಮಾಡಿದ್ದಾರೆ.
ಮಗುವಿಗೆ ಅಪ್ಪನ ಕೋಟು ತೊಡಿಸಿ
ಫೋಟೋಗೆ ನಿಲ್ಲಿಸಿದ ಹಾಗೆ."

ಓಟ್‌ಫ್ರೀಡನ ಕಿವಿ ಕೆಂಪಾಯಿತು.
"ಮನೆತನ ಅಂದಮೇಲೆ ಹೋಲಿಕೆ ಬೇಡವೇ?
ದೊಡ್ಡದು ಕೊಳ್ಳಲಾಗದವನಿಗೆ
ದೊಡ್ಡವರ ಮುಖವಾದರೂ ಸಿಗಲಿ.
ಹೆದ್ದಾರಿಯಲ್ಲಿ ಮುಂದಿರುವವನು ಕನ್ನಡಿ ನೋಡಿ
ಗಾಬರಿಯಿಂದ ದಾರಿ ಬಿಡುತ್ತಾನೆ, ಗೊತ್ತಾ?
ಪಕ್ಕಕ್ಕೆ ಬಂದಮೇಲೆ ಬೈಯುತ್ತಾನೆ,
ಅದು ಬೇರೆ ಮಾತು."

ಅಂಚೆಯಿಂದ ನಿವೃತ್ತನಾದ ಸೀಗ್‌ಹಾರ್ಡ್ ಗೊಣಗಿದ:
ಕತ್ತಲಲ್ಲಿ ಎರಡು ದೀಪ ಕಂಡರೆ ಸಾಕಿತ್ತಂತೆ,
ಯಾವ ಊರಿನದು, ಯಾವ ವರ್ಷದ್ದು ಎಲ್ಲ ಹೇಳುತ್ತಿದ್ದನಂತೆ.
ಈಗ ಬರುವುದೆಲ್ಲ ಒಂದೇ ಹುಬ್ಬುಗಂಟು.
ಏನು ಸಿಟ್ಟು ಇವಕ್ಕೆ, ಯಾರ ಮೇಲೆ?

ನಾನು ಗುಜರಿ ದೀಪ ಮಾರುವವನು. ನನ್ನ ದೂರೇ ಬೇರೆ.
ಅಷ್ಟೊಂದು ಹೋಲಿಕೆ ಇದ್ದೂ
ಅಣ್ಣನ ಕಣ್ಣು ತಮ್ಮನಿಗೆ ಕೂರುವುದಿಲ್ಲ.
ಮೂರು ಮಿಲಿಮೀಟರು. ಕ್ಲಿಪ್ಪು ಈ ಕಡೆಗಿರುವುದು ಆ ಕಡೆ.
ಮದುವೆಗೆ ಬಂದು ಸಾಲಾಗಿ ನಿಲ್ಲುವ,
ಕಷ್ಟಕ್ಕೆ ಒದಗದ ನೆಂಟರು.

"ಎಲ್ಲ ಒಂದೇ ಅಚ್ಚು," ಅಂದರು ಯಾರೋ.

ಅದುವರೆಗೆ ಓರ್ಟ್ರುನ್ ಮಾತಾಡಿರಲಿಲ್ಲ.
ಎಂಬತ್ತೊಂದರ ಹೆಂಗಸು, ತನ್ನ ಮಾಸಲು ನೀಲಿ ಟ್ರಾಬಿಯ
ಬಾಗಿಲು ತೆರೆದು, ಅಡ್ಡ ಕೂತು,
ಕಾಲು ಹೊರಗೆ ಚಾಚಿ ಬನ್ನು ತಿನ್ನುತ್ತಿದ್ದಳು.
ಅಚ್ಚು ನಮಗೆ ಬಾಯಿಮಾತು.
ಆಕೆಗೆ ಅದು ಎಡ ಮಣಿಕಟ್ಟಿನ ಸುಟ್ಟ ಕಲೆ:
ಹತ್ತಿಯ ಚಿಂದಿ, ರಾಳದ ಪುಡಿ, ಬಿಸಿ ಒತ್ತುಯಂತ್ರ,
ಬಾಗಿಲಾದ ಮೇಲೆ ಬಾಗಿಲು, ಬಾಗಿಲಾದ ಮೇಲೆ ಬಾಗಿಲು,
ಇಪ್ಪತ್ತೆಂಟು ವರ್ಷ.

"ನಾವು ಒಂದೇ ಮುಖ ಮಾಡಿದೆವಪ್ಪ," ಅಂದಳು.
"ಹೆಸರು ಬರೆಸಿ ಹನ್ನೆರಡು ವರ್ಷ ಕಾದವರು
ಮೂಗು ಯಾರದ್ದು ಅಂತ ಕೇಳುತ್ತಾರೆಯೇ?"

"ಗುರುತು ಹೇಗೆ ಹಿಡಿಯುತ್ತಿದ್ದಿರಿ?" ವೀಬ್ಕೆ ಕೇಳಿದಳು.

"ನನ್ನ ಗಂಡನದು ಎರಡನೇ ಗೇರಿಗೆ ಕೆಮ್ಮುತ್ತಿತ್ತು.
ತಿರುವಿನಲ್ಲಿ ಕೆಮ್ಮು ಕೇಳಿದರೆ ಬಾಣಲೆ ಒಲೆಗೆ.
ಒಂದು ಸಂಜೆ ಕೆಮ್ಮು ಬಂತು, ನಿಲ್ಲದೆ ಮುಂದೆ ಹೋಯಿತು.
ನೋಡಿದರೆ ಪಕ್ಕದ ಬೀದಿಯವನ ಗಾಡಿ,
ಅದಕ್ಕೂ ಅದೇ ರೋಗ ತಗುಲಿತ್ತು.
ಆಲೂಗಡ್ಡೆ ಸೀದು ಹೋಯಿತು."
ಬನ್ನಿನ ಪುಡಿ ಕೊಡವಿಕೊಂಡಳು. ಕತೆ ಅಷ್ಟೇ.

ನಗು ಇಳಿಯುವಷ್ಟರಲ್ಲಿ ಓಟ್‌ಫ್ರೀಡ್
ಬ್ರೆಡ್ಡಿನ ಚೀಲ ಹಿಡಿದು ಬೇಕರಿಯಿಂದ ಬಂದ.
ನೇರ ನಡೆದು ಬಾಗಿಲ ಹಿಡಿ ಎಳೆದ, ಮತ್ತೆ ಎಳೆದ.
ಒಳಗಿಂದ ಗುರುತಿಲ್ಲದ ಹುಡುಗಿಯೊಬ್ಬಳು
ಐಸ್‌ಕ್ಯಾಂಡಿ ಬಾಯಲ್ಲಿಟ್ಟುಕೊಂಡೇ
ಅವನನ್ನು ದಿಟ್ಟಿಸಿದಳು.
ಮೂರು ಗಾಡಿ ಆಚೆ ಅವನದೇ ಕಾರು
ಕಣ್ಣು ಮಿಟುಕಿಸಿ ಕರೆಯಿತು.

"ಅದಕ್ಕಿನ್ನೂ ಕೆಮ್ಮು ಬಂದಿಲ್ಲ, ಸ್ವಲ್ಪ ತಾಳು,"
ಎಂದು ಓರ್ಟ್ರುನ್ ಬಾಗಿಲು ಎಳೆದುಕೊಂಡಳು;
ಒಂದೇ ಸಲಕ್ಕೆ ಮುಚ್ಚಲಿಲ್ಲ.
ನೀಲಿ ಹೊಗೆ ನಮ್ಮ ಕಾಫಿಯ ಮೇಲೆ ಕೂತಿತು.

ನಾನು ಮಾತ್ರ ಹಿಂದೆ ಉಳಿದು, ಮಂಡಿಯೂರಿ,
ಅವನ ಕಾರಿನ ಎಡಗಣ್ಣಿನ ಕೆಳಗಿನ
ಸಣ್ಣ ಅಕ್ಷರದ ನಂಬರು ಬರೆದುಕೊಂಡೆ.
ಹನ್ನೊಂದು ಅಂಕಿ. ಕೊನೆಯದು
ಅಣ್ಣನದಕ್ಕಿಂತ ಬೇರೆ.