ಒಂದು ಕಡ್ಡಿ ಕಡಿಮೆ

ಹೆಸರು ಕೇಳಬೇಡ ಮಿಸ್ರಿಯಾ,
ಹೆಸರುಗಳು ಈಗ ನಾಲಿಗೆಗೆ ಬರುವುದಿಲ್ಲ.
ಅಂಗೈ ಚಾಚು. ಹಾಗಲ್ಲ, ಪ್ರಸಾದಕ್ಕೆ ಒಡ್ಡಿದ ಹಾಗಲ್ಲ,
ಕಣ್ಣು ಬೇರೆ ಕಡೆ ನೆಟ್ಟು, ಬೆರಳು ಸ್ವಲ್ಪ ಮಡಚಿ, ಅವಸರದಲ್ಲಿ.
ಹಾಂ.
ಏನನ್ನು ತಟ್ಟೆಂದು ಇಡಬೇಕೆಂದು
ನನ್ನ ಕೈಗೆ ಇನ್ನೂ ಗೊತ್ತುಂಟು.

ಮೂವತ್ತೊಂದು ವರ್ಷ ನಾನು ಮುಖ ನೋಡಿದವಳಲ್ಲ,
ಮುಖವಸ್ತ್ರದ ಮೇಲಿನ ಹುಬ್ಬು ನೋಡಿದವಳು.
ಡಾಕ್ಟರ್ ಅಮ್ಮಣ್ಣಾಯರ ಎಡಹುಬ್ಬು ಏರಿದರೆ ಇಕ್ಕಳ,
ಎರಡೂ ಏರಿದರೆ ಹತ್ತಿ, ಬೇಗ, ಇನ್ನೂ ಹತ್ತಿ.

ನೀನು ಬಾಗಿಲ ಎದುರಿಗೇ ಗಾಜಿನೊಳಗೆ ಇಟ್ಟಿದ್ದೀಯಲ್ಲ,
ದಂತದ ಹಿಡಿಯ ಗರಗಸ, ಹಿಡಿಯ ತುಂಬ ಬಳ್ಳಿ, ಬಳ್ಳಿಯ ತುಂಬ ಹೂ,
ಶಾಲೆಯ ಮಕ್ಕಳು ಅಲ್ಲೇ ಗುಂಪು ಕಟ್ಟುತ್ತಾರೆ, ಚಂದ ಉಂಟು ಅಂತ.
ಚಂದ ಹೌದು.
ಆ ಎಸಳುಗಳ ಸಂದಿಯಲ್ಲಿ
ಮೊನ್ನೆಯವನ ಕೀವು ಇವತ್ತಿನವನಿಗಾಗಿ ಕಾಯುತ್ತಿತ್ತು.
ದಂತ ಕುದಿಸಿದರೆ ಬಿರಿಯುತ್ತದೆ, ಕರಿಮರ ಉಬ್ಬುತ್ತದೆ.
ಅದಕ್ಕೇ ಆಚೆಯ ಕಪಾಟಿನಲ್ಲಿ ಎಲ್ಲವೂ ಬೋಳು ಉಕ್ಕು,
ಕತ್ತರಿಯ ಎರಡು ಕಾಲೂ ಬಿಚ್ಚಿ ತೊಳೆಯುವಂಥದ್ದು.
ಹೂ ಹೋಯಿತು, ಜನ ಉಳಿದರು.

ಶನಿವಾರ ಮಧ್ಯಾಹ್ನ ನಾವು ಸೂಜಿ ಸಾಣೆ ಹಿಡಿಯುತ್ತಿದ್ದೆವು,
ಹತ್ತಿಯ ಮೇಲೆ ಎಳೆದು ನೋಡಿ, ಎಳೆ ಸಿಕ್ಕಿದರೆ ಮತ್ತೆ ಕಲ್ಲಿಗೆ.
ಈಗ ಒಂದು ಸಲ ಚುಚ್ಚಿ ಎಸೆಯುತ್ತೀರಿ. ಒಳ್ಳೆಯದೇ.
ನಾನು ಹಳೆಯದನ್ನು ಹೊಗಳಲಿಕ್ಕೆ ಬಂದವಳಲ್ಲ.

ಇದಾ? ಪಟ್ಟಿಯಲ್ಲಿಲ್ಲವಾ?
ಇರುವುದಿಲ್ಲ. ಕಂಪೆನಿಯ ಮುದ್ರೆಯೂ ಇಲ್ಲ.
ಗೇಣುದ್ದ, ಟೊಳ್ಳು, ತುದಿಗೆ ಸಣ್ಣ ಕಚ್ಚು.
ಇದರ ಕಂಪೆನಿ ಬಂದರಿನ ಹಿಂದಿನ ಓಣಿಯಲ್ಲಿತ್ತು,
ಕೊಗ್ಗಾಚಾರಿ ಅಂತ, ತಿದಿ ಒತ್ತಲಿಕ್ಕೆ ಅವನ ಹೆಂಡತಿ.

ಬೆಂಗರೆಯಿಂದ ದೋಣಿ ದಾಟಿಸಿ ಒಬ್ಬ ಹುಡುಗನನ್ನು ತಂದಿದ್ದರು,
ಬಾಯಿಂದ ನೂಲು ನೇತಾಡುತ್ತಿತ್ತು.
ಆರು ವರ್ಷ. ಮೀನು ಹೇಗೆ ನುಂಗುತ್ತದೆ ಅಂತ
ತಂಗಿಗೆ ತೋರಿಸಲಿಕ್ಕೆ ಗಾಳ ನುಂಗಿದ್ದ.
ಅಪ್ಪ ದೂಮ ಪುತ್ರನ್ ನೂಲಿನ ತುದಿಯನ್ನು
ಬೆರಳಿಗೆ ಸುತ್ತಿಕೊಂಡೇ ಕೂತಿದ್ದ. ಎಳೆಯುವ ಹಾಗಿಲ್ಲ,
ಬಿಡುವ ಧೈರ್ಯವಿಲ್ಲ.

ತಟ್ಟೆಯಲ್ಲಿ ಇಪ್ಪತ್ತೇಳು ಹತಾರ,
ಎಲ್ಲವೂ ಹಿಡಿಯುವಂಥವು, ಕೊಯ್ಯುವಂಥವು, ಎಳೆಯುವಂಥವು.
ತಳ್ಳಿ ಬಿಡಿಸುವಂಥದ್ದು ಒಂದೂ ಇಲ್ಲ.

ಅಮ್ಮಣ್ಣಾಯರು ಸಿಗರೇಟು ಪೊಟ್ಟಣದ ಹಿಂದೆ ಚಿತ್ರ ಬರೆದರು.
ಆಚಾರಿ ಚಿತ್ರ ನೋಡಲೇ ಇಲ್ಲ,
ಮೂಲೆಯಲ್ಲಿ ನೀರಿಳಿಸುತ್ತಿದ್ದ ನನ್ನ ಕೊಡೆ ನೋಡಿದ.
"ಇದರದ್ದೊಂದು ಕಡ್ಡಿ ಕೊಡಿ ಬಾಯಮ್ಮ."
ಕೊಡೆಯ ಕಡ್ಡಿ ಹುಟ್ಟಿನಿಂದಲೇ ಅರ್ಧ ಕೊಳವೆ,
ಉಳಿದರ್ಧ ಅವನ ಸುತ್ತಿಗೆ ಮುಚ್ಚಿತು.
ಬೀಡಿ ಎಲೆಯಲ್ಲಿ ಸುತ್ತಿ ತಂದ, ಇನ್ನೂ ಬೆಚ್ಚಗಿತ್ತು.
ಇಪ್ಪತ್ತು ನಿಮಿಷ ಕುದಿಸಿದೆ. ಮಸಿ ಬಿಟ್ಟಿತು.
ನೀರು ಬದಲಿಸಿ ಮತ್ತೆ ಇಪ್ಪತ್ತು.

ನೂಲನ್ನು ಇದರೊಳಗೆ ಪೋಣಿಸಿದವಳು ನಾನು.
ಅಮ್ಮಣ್ಣಾಯರು ಅಂಗೈ ಚಾಚಿದರು.
ಇದಕ್ಕೆ ಹೆಸರಿರಲಿಲ್ಲವಲ್ಲ, ಏನೂ ಕೇಳಲಿಲ್ಲ.
ಇಟ್ಟೆ.
ಒಳಗೆ, ಇನ್ನೂ ಒಳಗೆ. ಆಮೇಲೆ ಒಂದು ಸಣ್ಣ ಸದ್ದು,
ಅನ್ನದಲ್ಲಿ ಕಲ್ಲು ಕಡಿದಷ್ಟು.
ಮುಳ್ಳು ಬಿಟ್ಟಿತು.

ಅದು ಮೊದಲ ಸಲ, ಅದೇ ಕೊನೆಯ ಸಲ.
ಮತ್ತೆ ಯಾರೂ ಗಾಳ ನುಂಗಲಿಲ್ಲ,
ಅಥವಾ ನುಂಗಿದವರು ನಮ್ಮಲ್ಲಿಯವರೆಗೆ ಬರಲಿಲ್ಲ.
ಆಚಾರಿಗೆ ಎರಡು ರೂಪಾಯಿ, ರಸೀದಿಯಿಲ್ಲ.
ನನಗೆ ಆ ಮಳೆಗಾಲವಿಡೀ
ಹಂಪನಕಟ್ಟೆಯಿಂದ ಜೆಪ್ಪುವಿನವರೆಗೆ ಒದ್ದೆ ಎಡಹೆಗಲು.
ಅಮ್ಮ ಬೈದಳು, ಬೇರೆ ತೆಗೆದುಕೋ ಮಾರಾಯ್ತಿ ಅಂತ.

ಚೀಟಿಯಲ್ಲಿ ಏನಾದರೂ ಬರೆ, ನಿನ್ನಿಷ್ಟ.
ಆ ಕೊಡೆ ಇನ್ನೂ ಉಂಟು, ಮಂಚದಡಿಯಲ್ಲಿ.
ಬೇಕಾದರೆ ಮಂಗಳವಾರ ತರುತ್ತೇನೆ, ಪಕ್ಕದಲ್ಲಿಡು.
ಬಿಡಿಸಿಯೇ ಇಡಬೇಕು ಮತ್ತೆ.
ಮಡಚಿದರೆ ಗೊತ್ತಾಗುವುದಿಲ್ಲ
ಎಲ್ಲಿ ಕಡಿಮೆ ಅಂತ.