ಗಿಡ್ಡ ಗೀರು

ತೂಕ ಬೇಡ ಆಚಾರ್ರೆ, ರೇಟೂ ಬೇಡ,
ಇದು ನಮ್ಮದೋ ಅಲ್ಲೋ, ಅಷ್ಟು ಹೇಳ್ರಿ
ಎಂದು ಸಕ್ರಿಬಾಯಿ ಮಂಡಕ್ಕಿ ಕಟ್ಟಿದ್ದ ಕಾಗದ ಬಿಚ್ಚಿದಳು.
ಅಂಗೈಯಗಲದ ಮುಕ್ಕೋನ,
ತುದಿಗೊಂದು ಬಾಯಿಬಿಟ್ಟ ಬಳೆ, ಬಳೆಗೊಂದು ಉದ್ದ ಸೂಜಿ.

ತಾಂಡಾದಲ್ಲಿ ಜಗಳವಂತೆ.
ಮೊಮ್ಮಗಳ ಮದುವೆಗೆಂದು ಪೆಟ್ಟಿಗೆಯಿಂದ ತೆಗೆದರೆ
ನಾದಿನಿ ಅಂದಳಂತೆ:
ಇದು ಗೋರ್ ಬೆಳ್ಳಿಯಲ್ಲ, ಯಾರ ಹೆಣದ ಮೇಲಿನದೋ.

ಈ ಚೌಕಿಪೇಟೆಯಲ್ಲಿ ನಲವತ್ತು ವರ್ಷ
ತಾಂಡಾದ ಬೆಳ್ಳಿ ಕಾಯಿಸಿದ ಕೈ ನನ್ನದು.
ನಿಮ್ಮದು ಕುಣಿಯುವ ಬೆಳ್ಳಿ, ತಾಯಿ,
ಘುಗರಿ ಇಲ್ಲದೆ ಹೆಜ್ಜೆ ಎತ್ತದು.
ಇದು ಅಲ್ಲಾಡಿಸಿದರೂ ತುಟಿ ಬಿಚ್ಚಲಿಲ್ಲ.

ಒರೆಗಲ್ಲಿಗೆ ಉಜ್ಜಿದೆ. ಆಸಿಡ್ಡಿನ ಒಂದು ಹನಿ.
ಗೆರೆ ಕಂದಿತು, ಸಾಯಲಿಲ್ಲ.
ನೂರಕ್ಕೆ ಎಂಬತ್ತು ಬೆಳ್ಳಿ, ಮಿಕ್ಕಿದ್ದು ತಾಮ್ರದ ದಾಕ್ಷಿಣ್ಯ.
ಹಸಿರು ಹಳದಿ ಮೀನಾ, ಅಂಚಿನಲ್ಲಿ ಚಕ್ಕೆ ಎದ್ದಿದೆ;
ಜೈಪುರದವರು ಇಷ್ಟು ಒರಟಾಗಿ ತುಂಬುವುದಿಲ್ಲ.
ನಡುವೆ ಕೆಂಪು ಗಾಜು,
ಹವಳವೆಂದು ನಂಬಿಸುವ ಆಸೆಯೇ ಇಲ್ಲದ ಗಾಜು.

ಭೂತಗನ್ನಡಿ ಹಿಡಿದರೆ ಬಳೆಯ ಬದಿಗೆ
ಸಾಸಿವೆಯಷ್ಟು ಮುದ್ರೆ. ಸುರುಳಿ ಕೊಂಬು.
ಟಗರು!
ನಮ್ಮೂರ ಕಾಳಗದ್ದಲ್ಲ, ಇದಕ್ಕೆ ತಲೆ ಮಾತ್ರ,
ಡಿಕ್ಕಿ ಹೊಡೆಯಲು ಎದುರು ಯಾರೂ ಇಲ್ಲ.
ಮಗ ಫೋನಿನಲ್ಲಿ ತಡಕಿ ಹೇಳಿದ: ಮೊರಾಕ್ಕೊ.
ಅಲ್ಲಿ ಹೊಲಿಗೆಯಿಲ್ಲದ ಬಟ್ಟೆ ಸುತ್ತಿಕೊಂಡು
ಇಂಥದೆರಡು ಹೆಗಲಿಗೆ ಚುಚ್ಚಿ ನಿಲ್ಲಿಸುತ್ತಾರಂತೆ.
ಎರಡು.
ಹಾಗಾದರೆ ಇದರ ಜೋಡಿ ಎಲ್ಲಿ,
ಯಾರ ಒಂದು ಹೆಗಲು ಜಾರಿತು?

ನಮ್ಮ ಮಾವನ ಅಪ್ಪ ದಂಡಿನಲ್ಲಿ ಹೇಸರಗತ್ತೆ ಮೇಯಿಸ್ತಿದ್ದ,
ಎಂದಳು ಸಕ್ರಿಬಾಯಿ. ಟೂನಿಸಿ ಟೂನಿಸಿ ಅಂತಿದ್ದ.
ಮರಳಂತೆ, ಮರಳಂತೆ, ಕೊನೇಗೆ ಸಮುದ್ರವಂತೆ.
ಟ್ಯೂನಿಸ್ ಬೇರೆ ದೇಶ ಅಲ್ವಾ, ಎಂದ ಮಗ.
ಬೆಳ್ಳಿಗೆ ಕಾಲಿಲ್ಲವೇನೋ?
ಕೊಂಡ ಸಂತೆಯೇ ಹುಟ್ಟಿದ ಕುಲುಮೆ ಆಗಬೇಕೇನು?

ಕಾಗದದಲ್ಲಿ ಸುತ್ತಿಕೊಡುವ ಮುನ್ನ
ಸುಮ್ಮನೆ ಬೋರಲು ಹಾಕಿದೆ.
ಸೂಜಿಯ ಬುಡ ಎಂದೋ ಮುರಿದಿತ್ತು, ಬೆಸೆದಿದ್ದಾರೆ.
ಬೆಸುಗೆ ಹಳದಿಗೆ ತಿರುಗಿದೆ, ಬೆಳಿಗಾರ ತುಸು ಹೆಚ್ಚೇ ಬಿದ್ದಿದೆ.
ಪಕ್ಕದಲ್ಲಿ ಅರದ ಮೂರು ಗೀರು.
ಮೂರನೆಯದು ಗಿಡ್ಡ.

ಹೆಬ್ಬೆರಳ ತುದಿ ಕಳೆದುಕೊಂಡವನ ಒತ್ತು
ಮೂರನೆಯದಕ್ಕೆ ಬರುವಷ್ಟರಲ್ಲಿ ಸೋಲುತ್ತಿತ್ತು.
ಬೆಳಿಗಾರ ಕಡಿಮೆ ಹಾಕಪ್ಪ ಎಂದು
ಹದಿನೈದು ವರ್ಷ ಗೊಣಗಿದ್ದೇನೆ ನಾನು,
ಇದೇ ಮಣೆಯ ಮೇಲೆ ಕೂತು.

ಏನ್ ಆಚಾರ್ರೆ, ಮಾತೇ ಇಲ್ಲ?
ಮುಂದಿನದು ಅವರದಿರಬೇಕು ತಾಯಿ,
ಬೆನ್ನು ಮಾತ್ರ ಈ ಅಂಗಡಿಯದು.
ಸಾಕು ಬಿಡ್ರಿ,
ನಾದಿನಿಗೆ ಬೆನ್ನೇ ತೋರಿಸ್ತೀನಿ, ಎಂದಳು.

ಸೂಜಿ ಸೊಟ್ಟಗಿತ್ತು, ನೆಟ್ಟಗೆ ಮಾಡಿದೆ.
ಕೈ ತಾನಾಗಿ ಅರ ಎತ್ತಿಕೊಂಡಿತ್ತು.
ಕೆಳಗಿಟ್ಟೆ.